ಕಾಲಿಗೆ ಗೊತ್ತಾದ ಗೆರೆ

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ದೋಣಿಯ ಮೇಲಿಂದ ತೆಗೆದದ್ದು. ಒಂದು ಕಡೆ ಕಡುನೀಲಿ ನೀರು, ಇನ್ನೊಂದು ಕಡೆ ಹಾಲು ಬೆರೆಸಿದಂಥ ತಿಳಿಹಸಿರು ನೀರು, ನಡುವೆ ನೊರೆಯ ಗೆರೆ. ಕೆಳಗೆ ಬರಹ: 'ಎರಡು ಸಾಗರ ಸೇರುವ ಜಾಗ. ಸೇರಿದರೂ ಬೆರೆಯುವುದಿಲ್ಲ. ದೇವರ ಲೀಲೆ.' ಕಳಿಸುವವರು ಯಾವಾಗಲೂ ನಮ್ಮ ದೊಡ್ಡಮಾವ. ಉಳಿದವರೆಲ್ಲ ಕೈಮುಗಿಯುವ ಇಮೋಜಿ ಹಾಕುತ್ತಾರೆ.

ಹಾಗಾಗಿ ಆಫೀಸಿನವರು ನನ್ನನ್ನು ಒಂದು ವರ್ಷದ ಪ್ರಾಜೆಕ್ಟಿಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ಕಳಿಸುತ್ತಾರೆ ಅಂತ ಗೊತ್ತಾದಾಗ ಮಾವ ಸಂಬಳ ಕೇಳಲಿಲ್ಲ. "ಆ ಗೆರೆ ಅಲ್ಲೇ ಅಲ್ವಾ ಇರೋದು? ಒಂದು ಫೋಟೋ ತೆಗೆದು ಕಳಿಸು" ಅಂದರು.

ಹೋದ ಎರಡನೇ ವಾರವೇ ಕೇಪ್ ಪಾಯಿಂಟಿಗೆ ಹೊರಟೆ. ಕಡಲಿಗೆ ಕೊಕ್ಕಿನ ಹಾಗೆ ಚಾಚಿಕೊಂಡ ಬಂಡೆಗುಡ್ಡ ಅದು. ಮೇಲೊಂದು ಹಳೇ ದೀಪಸ್ತಂಭ. ಮೆಟ್ಟಿಲು ಹತ್ತಿ ನಿಂತರೆ ಗಾಳಿ ಕನ್ನಡಕವನ್ನೇ ಕಿತ್ತುಕೊಳ್ಳಲು ನೋಡುತ್ತದೆ. ಎಡಕ್ಕೆ ಫಾಲ್ಸ್ ಬೇ ಎಂಬ ದೊಡ್ಡ ಕೊಲ್ಲಿ. ಬಲಕ್ಕೆ ಅಟ್ಲಾಂಟಿಕ್. ನಡುವೆ ಗೆರೆ? ಏನೂ ಇಲ್ಲ. ಎಲ್ಲಾ ಒಂದೇ ನೀಲಿ. ಪಕ್ಕದಲ್ಲಿ ಒಬ್ಬ ಗೈಡ್ ದೂರದ ಬಿಳಿ ನೊರೆ ತೋರಿಸಿ "ಅದೇ ನೋಡಿ, ಎರಡು ಸಾಗರ ಸೇರೋದು" ಅಂತಿದ್ದ. ಅದು ನೀರಡಿಯ ಬಂಡೆಗೆ ಅಲೆ ಬಡಿದು ಎದ್ದ ನೊರೆ. ಎಲ್ಲರೂ ಫೋಟೋ ತೆಗೆದರು. ನಾನೂ ತೆಗೆದೆ, ಸುಳ್ಳು ಯಾಕೆ ಹೇಳಲಿ.

ಇಂಥ ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಆಫ್ರಿಕಾದ್ದೇ ಅಲ್ಲ, ಅಲಾಸ್ಕಾ ಕೊಲ್ಲಿಯದು. ಹಿಮನದಿ ಅರೆದ ಕಲ್ಲಿನ ಹಿಟ್ಟನ್ನು ಹೊತ್ತ ನದಿನೀರು ಕಡಲಿನ ನೀರಿಗೆ ತಾಗಿದಾಗ ಕಾಣುವ ಬಣ್ಣ. ಬೆರೆಯುತ್ತದೆ, ನಿಧಾನಕ್ಕೆ ಅಷ್ಟೇ. ಇದನ್ನೆಲ್ಲ ಮಾವನಿಗೆ ಉದ್ದಕ್ಕೆ ಬರೆದು ಕಳಿಸಿದೆ. ಅವರು ಥಂಬ್ಸ್ ಅಪ್ ಹಾಕಿದರು. ಮುಂದಿನ ತಿಂಗಳು ಅದೇ ವಿಡಿಯೋ ಮತ್ತೆ ಬಂತು.

ಗೆರೆ ಕೊನೆಗೆ ಸಿಕ್ಕಿದ್ದು ಡಿಸೆಂಬರಿನ ಒಂದು ಭಾನುವಾರ. ಕಾಲಿಗೆ ಸಿಕ್ಕಿತು.

ಅಲ್ಲಿ ಡಿಸೆಂಬರ್ ಅಂದರೆ ಉರಿಬೇಸಿಗೆ. ಬೆಳಿಗ್ಗೆ ಅಟ್ಲಾಂಟಿಕ್ ಬದಿಯ ಕ್ಯಾಂಪ್ಸ್ ಬೇಗೆ ಹೋದೆ. ಬಿಳಿ ಮರಳು, ತಾಳೆಮರ, ಹಿಂದೆ ಸಾಲುಗುಡ್ಡ. ಸಿನಿಮಾ ಸೆಟ್ಟಿನ ಹಾಗಿತ್ತು. ಸಾವಿರ ಜನ ಮರಳಲ್ಲಿದ್ದರು, ನೀರಲ್ಲಿ ಹತ್ತು ಜನ ಇಲ್ಲ. ಕರಾವಳಿಯ ಹುಡುಗ ನಾನು, ನನಗೇನು ಭಯ ಅಂತ ಓಡಿಹೋಗಿ ಇಳಿದೆ. ಮೊಣಕಾಲು ಮುಳುಗುವಷ್ಟರಲ್ಲಿ ಪಾದದ ಮೂಳೆಯೊಳಗೆ ನೋವು ಶುರುವಾಯಿತು. ಚಳಿ ಅಲ್ಲ, ನೋವು. ಐಸ್ ಬಕೆಟ್ಟಿನಲ್ಲಿ ಕಾಲಿಟ್ಟು ಮರೆತ ಹಾಗೆ. ದಡಕ್ಕೆ ಬಂದು ಫೋನಿನಲ್ಲಿ ನೋಡಿದರೆ ನೀರು 11 ಡಿಗ್ರಿ.

ಅದೇ ದಿನ ಮಧ್ಯಾಹ್ನ ಗೆಳೆಯನ ಕಾರಿನಲ್ಲಿ ಗುಡ್ಡದ ಆಚೆ ಮೈಜೆನ್‌ಬರ್ಗಿಗೆ ಹೋದೆವು. ಅರ್ಧ ಗಂಟೆಯ ದಾರಿ. ಫಾಲ್ಸ್ ಬೇಯ ತಲೆಯ ಮೇಲಿರುವ ಬೀಚು. ಅಲ್ಲಿ ಮಕ್ಕಳು, ಅಜ್ಜಿಯರು, ಸರ್ಫಿಂಗ್ ಕಲಿಯುವವರು, ಎಲ್ಲರೂ ನೀರಲ್ಲೇ. ನಾನು ಹೆದರಿ ಹೆದರಿ ಒಂದು ಬೆರಳಿಟ್ಟೆ. ಏನೂ ಆಗಲಿಲ್ಲ. 20 ಡಿಗ್ರಿ. ಮಲ್ಪೆಯ ನೀರಿಗೆ ಹೋಲಿಸಿದರೆ ತಣ್ಣಗೇ, ಆದರೆ ಬೆಳಗ್ಗಿನ ಕಾಲಿಗೆ ಅದು ಬಚ್ಚಲುಮನೆಯ ಹಂಡೆ ನೀರು.

ಒಂದೇ ಊರು, ಒಂದೇ ದಿನ, ಒಂಬತ್ತು ಡಿಗ್ರಿ ವ್ಯತ್ಯಾಸ.

ಅಟ್ಲಾಂಟಿಕ್ ಬದಿ ಯಾಕೆ ಅಷ್ಟು ತಣ್ಣಗೆ ಅಂತ ಕೇಳಿದರೆ ಊರವರು ತಟ್ಟನೆ ಹೇಳುವ ಉತ್ತರ, "ಅಂಟಾರ್ಕ್ಟಿಕಾದ ನೀರು". ಕೇಳಲು ಚೆನ್ನಾಗಿದೆ, ಆದರೆ ಆ ಚಳಿಯ ಹೆಚ್ಚಿನ ಪಾಲು ಬರುವುದು ಕೆಳಗಿನಿಂದ. ಬೇಸಿಗೆಯಲ್ಲಿ ಅಲ್ಲಿ ಆಗ್ನೇಯದ ಗಾಳಿ ಬೀಸುತ್ತದೆ. ಊರಿನ ಕೆಟ್ಟ ಗಾಳಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆಂದು ಅದಕ್ಕೆ 'ಕೇಪ್ ಡಾಕ್ಟರ್' ಎಂಬ ಹೆಸರು. ಈ ಗಾಳಿ ದಡದ ಉದ್ದಕ್ಕೆ ಬೀಸುತ್ತದೆ. ಆದರೆ ಭೂಮಿ ತಿರುಗುವುದರಿಂದ ಮೇಲಿನ ನೀರು ಗಾಳಿಯ ದಾರಿಯಲ್ಲೇ ಹೋಗುವುದಿಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ ಅದು ಎಡಕ್ಕೆ ವಾಲುತ್ತದೆ. ಅಲ್ಲಿ ಎಡ ಅಂದರೆ ಆಳಸಮುದ್ರ. ಮೇಲಿನ ಬೆಚ್ಚಗಿನ ಪದರ ದಡ ಬಿಟ್ಟು ಸರಿಯಿತು ಅಂದರೆ ಜಾಗ ತುಂಬಲು ತಳದ ನೀರು ಮೇಲೇಳಲೇಬೇಕು. ಅದು ಬಿಸಿಲು ಕಾಣದ ನೀರು. ತಣ್ಣಗೆ, ಜೊತೆಗೆ ತಳಕ್ಕೆ ಬಿದ್ದು ಕೊಳೆತದ್ದರ ಗೊಬ್ಬರವನ್ನೆಲ್ಲ ಹೊತ್ತದ್ದು. ಹಾಗಾಗಿಯೇ ಒಳ್ಳೇ ಬಿಸಿಲು, ಜೋರು ಗಾಳಿಯ ದಿನವೇ ಕ್ಯಾಂಪ್ಸ್ ಬೇಯ ನೀರು ಎಲ್ಲಕ್ಕಿಂತ ತಣ್ಣಗಿರುತ್ತದೆ. ಇಲ್ಲಿಂದ ಉತ್ತರಕ್ಕೆ ನಮೀಬಿಯಾದ ಕಡೆ ಹರಿಯುವ ಈ ತಣ್ಣೀರಿನ ಪ್ರವಾಹದ ಹೆಸರು ಬೆಂಗ್ವೆಲಾ.

ಇದನ್ನು ಓದುತ್ತಾ ಕೂತಾಗ ನಮ್ಮ ಮಳೆಗಾಲ ನೆನಪಾಯಿತು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಜೂನಿನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದು ಇದೇ. ನಾವು ಭೂಮಧ್ಯರೇಖೆಯ ಉತ್ತರಕ್ಕಿರುವುದರಿಂದ ಎಡದ ಬದಲು ಬಲ, ಅಷ್ಟೇ. ತಳದ ತಣ್ಣೀರು ದಡದ ಹತ್ತಿರ ಏರುತ್ತದೆ. ಆದರೆ ಮೇಲೆ ಮಳೆಯ ಸಿಹಿನೀರಿನ ತೆಳು ಹೊದಿಕೆ ಇರುವುದರಿಂದ ನಮ್ಮ ಕಾಲಿಗೆ ಅಷ್ಟು ಗೊತ್ತಾಗುವುದಿಲ್ಲ. ಮೀನಿಗೆ ಗೊತ್ತಾಗುತ್ತದೆ. ಮೀನು ಹಿಡಿಯುವವರಿಗೂ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ. ಆಗ ನಾಡದೋಣಿಯವರು ಕಾಯುವುದು ತೂಫಾನಿಗೆ. ಕಡಲು ಒಮ್ಮೆ ತಳದಿಂದ ಕದಡಿದರೆ ಮೀನು ದಡಕ್ಕೆ ಬರುತ್ತದೆ ಅನ್ನುವುದು ಅವರ ಲೆಕ್ಕ. ಬೂತಾಯಿ, ಬಂಗುಡೆಯ ಹೊಟ್ಟೆ ತುಂಬಿಸುವುದು ಆ ಮಳೆಗಾಲದ ನೀರೇ.

ಕೇಪಿನ ಇನ್ನೊಂದು ನೀರಿನ ಕಥೆ ಬೇರೆ. ಅಗುಲ್ಹಾಸ್ ಪ್ರವಾಹ. ಮೊಜಾಂಬಿಕ್, ಮಡಗಾಸ್ಕರ್ ಕಡೆಯ ಬೆಚ್ಚಗಿನ ನೀರನ್ನು ಹೊತ್ತು ಆಫ್ರಿಕಾದ ಪೂರ್ವದ ಅಂಚಿನಲ್ಲಿ ಕೆಳಗಿಳಿಯುತ್ತದೆ. ಸೆಕೆಂಡಿಗೆ ಸುಮಾರು 7 ಕೋಟಿ ಘನ ಮೀಟರ್ ನೀರು. ಇಷ್ಟು ರಭಸದಲ್ಲಿ ಬಂದದ್ದು ಖಂಡ ಮುಗಿದ ಮೇಲೆ ಅಟ್ಲಾಂಟಿಕ್‌ಗೆ ನುಗ್ಗಬೇಕು ತಾನೇ? ನುಗ್ಗುವುದಿಲ್ಲ. ದಾರಿ ತಪ್ಪಿದೆ ಅಂತ ಗೊತ್ತಾದ ಬಸ್ಸಿನ ಹಾಗೆ ಯೂಟರ್ನ್ ಹೊಡೆದು ಹಿಂದೂ ಮಹಾಸಾಗರಕ್ಕೇ ವಾಪಸ್ ಹೋಗುತ್ತದೆ. ತಿರುಗುವ ರಭಸದಲ್ಲಿ ಬೆಚ್ಚಗಿನ ನೀರಿನ ದೊಡ್ಡ ದೊಡ್ಡ ಸುಳಿಗಳು ಕಿತ್ತುಕೊಂಡು ಅಟ್ಲಾಂಟಿಕ್ ಒಳಗೆ ತೇಲಿಹೋಗುತ್ತವೆ. ಕೆಲವು 200 ಕಿ.ಮೀ.ಗೂ ಹೆಚ್ಚು ಅಗಲ. ಮಾವನ ಗೆರೆ ಎಲ್ಲಾದರೂ ಇದ್ದರೆ ಅದು ಹೀಗೆ ಸುತ್ತಿಕೊಂಡ ನೂಲಿನ ಹಾಗಿದ್ದೀತು. ಅದೂ ದಿನಕ್ಕೊಂದು ಜಾಗದಲ್ಲಿ.

ಫೆಬ್ರವರಿಯಲ್ಲಿ ಸೈಮನ್ಸ್‌ಟೌನ್ ಹತ್ತಿರ ಮೊದಲ ಸಲ ನೀರೊಳಗೆ ಇಳಿದೆ. ಬಾಡಿಗೆಯ ದಪ್ಪ ವೆಟ್‌ಸೂಟ್ ಹಾಕಿಕೊಳ್ಳುವುದರಲ್ಲೇ ಅರ್ಧ ಜೀವ ಹೋಯಿತು. ಫಾಲ್ಸ್ ಬೇಯ ಈ ಬದಿಯಲ್ಲಿ ಕೆಲ್ಪ್ ಕಾಡುಗಳಿವೆ. ಕೆಲ್ಪ್ ಅಂದರೆ ದೈತ್ಯ ಕಡಲಪಾಚಿ. ಇಲ್ಲಿಯವರು ಒಂದು ಜಾತಿಗೆ 'ಕಡಲ ಬಿದಿರು' ಅನ್ನುತ್ತಾರೆ. ಬೇರಿಲ್ಲ. ಬಂಡೆಯನ್ನು ಮುಷ್ಟಿಯಂತೆ ಹಿಡಿದುಕೊಂಡ ಒಂದು ಗಂಟು, ಅದರಿಂದ ಹತ್ತು ಹನ್ನೆರಡು ಮೀಟರ್ ಏರಿದ ಟೊಳ್ಳು ದಂಟು, ತುದಿಯಲ್ಲಿ ಗಾಳಿ ತುಂಬಿದ ಬುರುಡೆ, ಬುರುಡೆಯಿಂದ ಇಳಿಬಿದ್ದ ಎಲೆಪಟ್ಟಿಗಳು. ಕೆಳಗಿನಿಂದ ನೋಡಿದರೆ ಅಡಿಕೆ ತೋಟದಲ್ಲಿ ಅಂಗಾತ ಮಲಗಿದ ಹಾಗೆ. ತೋಟ ಪೂರ್ತಿ ಒಟ್ಟಿಗೆ ಒಮ್ಮೆ ಈಚೆಗೆ, ಒಮ್ಮೆ ಆಚೆಗೆ ತೂಗುತ್ತದೆ. ನಾವೂ ಅದರ ಜೊತೆ ತೂಗುತ್ತೇವೆ. ಮೊದಲ ಹತ್ತು ನಿಮಿಷ ಹೊಟ್ಟೆ ತೊಳಸಿತು.

ಬಂಡೆಯ ಸಂದಿಯಲ್ಲಿ ಕಡಲಮುಳ್ಳುಗಳು, ಅಂದರೆ ಮೈತುಂಬ ಮುಳ್ಳಿರುವ ಉಂಡೆಯಂಥ ಸೀ ಅರ್ಚಿನ್ ಪ್ರಾಣಿಗಳು. ಒಂದೊಂದರ ತಲೆ ಮೇಲೂ ಒಡೆದ ಚಿಪ್ಪಿನ ಚೂರು. ಬಿಸಿಲಿಗೆ ಹಾಳೆ ಟೋಪಿ ಇಟ್ಟುಕೊಂಡ ಕೂಲಿಯಾಳುಗಳ ಹಾಗೆ. ಪಕ್ಕದ ಮರಳಲ್ಲಿ ಮೊಳದುದ್ದದ ಒಂದು ಶಾರ್ಕ್ ಮಲಗಿತ್ತು. ಕಂದು ಮೈ, ಕಿತ್ತಳೆ ಅಂಚಿನ ಪಟ್ಟೆ, ಬೆಕ್ಕಿನ ಕಣ್ಣು. ನನ್ನ ನೆರಳು ಬಿದ್ದದ್ದೇ ತಡ, ಅದು ಕಚ್ಚಲಿಲ್ಲ, ಓಡಲಿಲ್ಲ. ನಿಧಾನಕ್ಕೆ ಉದ್ದಿನವಡೆಯ ಹಾಗೆ ಸುರುಟಿಕೊಂಡು ಬಾಲದಿಂದ ಕಣ್ಣು ಮುಚ್ಚಿಕೊಂಡಿತು. ನನಗೆ ಕಾಣದಿದ್ದರೆ ಇವನಿಗೂ ನಾನು ಕಾಣಲ್ಲ ಅನ್ನುವ ಎರಡು ವರ್ಷದ ಮಗುವಿನ ಲೆಕ್ಕ. ಸ್ನಾರ್ಕೆಲ್ ಬಾಯಲ್ಲಿಟ್ಟುಕೊಂಡು ನಗಬಾರದು ಅಂತ ಅವತ್ತು ಗೊತ್ತಾಯಿತು, ಉಪ್ಪುನೀರು ಸೀದಾ ಮೂಗಿಗೆ. ಇಲ್ಲಿ ಇದರ ಹೆಸರೇ 'ನಾಚಿಕೆ ಶಾರ್ಕ್'. ದಕ್ಷಿಣ ಆಫ್ರಿಕಾದ ಕರಾವಳಿ ಬಿಟ್ಟು ಬೇರೆಲ್ಲೂ ಇಲ್ಲ.

ಬೇರೆಲ್ಲೂ ಇಲ್ಲದವು ಇಲ್ಲಿ ಬಹಳ. ಈ ದೇಶದ ಕಡಲಲ್ಲಿ ಗುರುತಾದ ಸುಮಾರು 13,000 ಜಾತಿಗಳಲ್ಲಿ ಮೂರನೇ ಒಂದರಷ್ಟು ಇಲ್ಲಿಗೇ ಸೀಮಿತ. ತಣ್ಣೀರಿನ ಬದಿಗೂ ಬಿಸಿನೀರಿನ ಬದಿಗೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಹೀಗೆ: ಪಶ್ಚಿಮದ ತಣ್ಣೀರು ಊರ ಜಾತ್ರೆ. ಜನವೋ ಜನ, ಆದರೆ ಎಲ್ಲಾ ಅದೇ ನಾಲ್ಕು ಮನೆತನದವರು. ಪೂರ್ವದ ಬಿಸಿನೀರು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಎಲ್ಲಾ ಊರಿನವರೂ ಸಿಗುತ್ತಾರೆ, ಊಟಕ್ಕೆ ಮಾತ್ರ ಪರದಾಟ. ಗೊಬ್ಬರ ಇರುವ ಕಡೆ ತಲೆ ಜಾಸ್ತಿ, ಬಿಸಿ ಇರುವ ಕಡೆ ತಳಿ ಜಾಸ್ತಿ. ಕೇಪ್ ಇರುವುದು ಇವೆರಡರ ನಡುವೆ.

ನಡುವಿನಲ್ಲಿರುವುದು ಸುಖವೇನಲ್ಲ. ಪ್ರತಿ ಬೇಸಿಗೆಯ ಕೊನೆಗೆ ಅಗುಲ್ಹಾಸ್ ಪ್ರವಾಹ ಉಷ್ಣವಲಯದ ಮೀನುಮರಿಗಳನ್ನು ಹೊತ್ತು ತಂದು ದಕ್ಷಿಣದ ದಡದಲ್ಲಿ ಇಳಿಸುತ್ತದೆ. ಹಳದಿ ಚಿಟ್ಟೆಮೀನಿನಂಥವು, ಹೆಬ್ಬೆರಳಿನಷ್ಟು ಗಾತ್ರ. ನೀರು ಬೆಚ್ಚಗಿರುವಷ್ಟು ದಿನ ಬಂಡೆಗಳ ನಡುವೆ ಆಡಿಕೊಂಡಿರುತ್ತವೆ. ಚಳಿಗಾಲ ಬಂದಾಗ ಸಾಯುತ್ತವೆ. ಮುಂದಿನ ವರ್ಷ ಮತ್ತೊಂದು ಕಂತು.

ಏಪ್ರಿಲಿನಲ್ಲಿ ಅಗುಲ್ಹಾಸ್ ಭೂಶಿರಕ್ಕೆ ಹೋದೆವು. ಆಫ್ರಿಕಾದ ನಿಜವಾದ ದಕ್ಷಿಣ ತುದಿ ಇದು. ಕೇಪ್ ಪಾಯಿಂಟ್ ಅಲ್ಲ, ಅಲ್ಲಿಂದ ಸುಮಾರು 150 ಕಿ.ಮೀ. ಆಚೆ. ಅಗುಲ್ಹಾಸ್ ಅಂದರೆ ಪೋರ್ಚುಗೀಸಿನಲ್ಲಿ ಸೂಜಿಗಳು. ಸುಮಾರು 1500ರಲ್ಲಿ ನಾವಿಕರ ದಿಕ್ಸೂಚಿಯ ಸೂಜಿ ಇಲ್ಲಿ ನೆಟ್ಟಗೆ ಉತ್ತರಕ್ಕೇ ನಿಲ್ಲುತ್ತಿತ್ತಂತೆ. ಕೇಪ್ ಪಾಯಿಂಟಿನ ಹಾಗೆ ಗುಡ್ಡ, ಪ್ರಪಾತ, ಮಂಗ ಏನೂ ಇಲ್ಲ. ಚಪ್ಪಟೆ ಬಂಡೆ, ಗಾಳಿ, ಒಂದು ಕಲ್ಲು. ಕಲ್ಲಿನ ಮೇಲೆ ಎರಡು ಬಾಣ. ಎಡಕ್ಕೆ ಹಿಂದೂ ಮಹಾಸಾಗರ, ಬಲಕ್ಕೆ ಅಟ್ಲಾಂಟಿಕ್. ಇದು ಸರ್ಕಾರಿ ಗೆರೆ. ಸರ್ವೇ ಕಲ್ಲು ನೆಟ್ಟ ಮೇಲೆ ನಮ್ಮೂರಲ್ಲಿ ದನ ಬೇಲಿ ಹಾರುವುದು ನಿಲ್ಲುತ್ತದೆಯೇ? ಇಲ್ಲೂ ಅಷ್ಟೇ. ಕಡಲ ಬಿದಿರು ತಣ್ಣೀರಿನದ್ದು, ಈ ತುದಿಯ ಆಸುಪಾಸಿನಲ್ಲೇ ಮುಗಿಯುತ್ತದೆ ಅಂದುಕೊಂಡಿದ್ದರು. 2006ರಲ್ಲಿ ನೋಡಿದರೆ ಅದು ಸುಮಾರು 70 ಕಿ.ಮೀ. ಪೂರ್ವಕ್ಕೆ ದಾಟಿ ಡಿ ಹೂಪ್ ಎಂಬಲ್ಲಿ ಬೇರೂರಿತ್ತು. ಬೇರಿಲ್ಲ ಅಂದೆನಲ್ಲ, ಮುಷ್ಟಿ ಹಿಡಿದಿತ್ತು ಅನ್ನೋಣ. ಇಡೀ ಜಗತ್ತಿನ ಕಡಲು ಬಿಸಿಯಾಗುತ್ತಿದೆ ಅನ್ನುವಾಗ ಇಲ್ಲಿ ದಡದ ಪಕ್ಕದ ನೀರು ತಣ್ಣಗಾಗುತ್ತಿತ್ತು.

ಒಂದು ಜೀವ ಸರಿದರೆ ಅದರ ಹಿಂದೆ ಸಾಲುಸಾಲು ಕಥೆ. 1990ರ ದಶಕದಲ್ಲಿ ಪಶ್ಚಿಮದ ಬಂಡೆಸಿಗಡಿಗಳು ಗುಂಪುಗುಂಪಾಗಿ ಫಾಲ್ಸ್ ಬೇಯ ಪೂರ್ವಕ್ಕೆ ವಲಸೆ ಬಂದವು. ಬಂದವು ಅಲ್ಲಿನ ಕಡಲಮುಳ್ಳುಗಳನ್ನು ತಿಂದು ಮುಗಿಸಿದವು. ಆ ಮುಳ್ಳುಗಳ ಕೆಳಗೆ ಅಬಲೋನಿ ಎಂಬ ದುಬಾರಿ ಚಿಪ್ಪುಜೀವಿಯ ಮರಿಗಳು ಅಡಗಿರುತ್ತಿದ್ದವು. ಕೊಡೆ ಹೋಯಿತು, ಮರಿಗಳೂ ಹೋದವು. ಉಳಿದ ದೊಡ್ಡವನ್ನು ಕಳ್ಳರು ರಾತ್ರಿ ಮುಳುಗಿ ಕಿತ್ತರು. ಅಬಲೋನಿ ಅಲ್ಲಿ ನಮ್ಮ ಶ್ರೀಗಂಧ ಇದ್ದ ಹಾಗೆ, ಕಳ್ಳಸಾಗಣೆಯ ಚಿನ್ನ.

ಪೆಂಗ್ವಿನ್ ಬಗ್ಗೆ ಬರೆಯದೇ ಹೋದರೆ ನನ್ನ ಮಗಳು ಬಿಡುವುದಿಲ್ಲ. ಸೈಮನ್ಸ್‌ಟೌನಿನ ಬೋಲ್ಡರ್ಸ್ ಬೀಚಿನಲ್ಲಿ 1982ರಲ್ಲಿ ಎರಡು ಜೋಡಿ ಗೂಡು ಕಟ್ಟಿದವು. ಈಗ ಅಲ್ಲಿ ಸಾವಿರಾರು. ಕತ್ತೆಯ ಹಾಗೆ ಅರಚುತ್ತವೆ, ವಾಸನೆ ನಮ್ಮ ಒಣಮೀನು ಶೆಡ್ಡಿನದ್ದೇ. ಆದರೆ ಒಟ್ಟಾರೆ ಆಫ್ರಿಕನ್ ಪೆಂಗ್ವಿನ್ ಸ್ಥಿತಿ ಕೆಟ್ಟಿದೆ. 2024ರಲ್ಲಿ ಅದನ್ನು ಅಳಿವಿನ ಅಂಚಿನ ಕೊನೇ ಮೆಟ್ಟಿಲಿನ ಪಟ್ಟಿಗೆ ಹಾಕಿದರು. ಉಳಿದಿರುವುದು 10,000 ಜೋಡಿಗಿಂತ ಕಡಿಮೆ. ಮುಖ್ಯ ಕಾರಣ ಹಸಿವು. ಅವುಗಳ ಊಟ ಸಾರ್ಡೀನ್ ಮತ್ತು ಆಂಚೋವಿ. ಸುಮಾರು 2000ದ ಹೊತ್ತಿಗೆ ಈ ಮೀನುಗಳು ಪಶ್ಚಿಮ ಬಿಟ್ಟು ಅಗುಲ್ಹಾಸ್‌ನ ಪೂರ್ವಕ್ಕೆ ಸರಿದವು. ಪಶ್ಚಿಮದ ದ್ವೀಪಗಳ ಪೆಂಗ್ವಿನ್ ಗೂಡುಗಳು ಇದ್ದಲ್ಲೇ ಉಳಿದವು. ಉಳಿದ ಮೀನಿಗೆ ಬೋಟುಗಳ ಪೈಪೋಟಿ ಬೇರೆ. 2025ರ ಮಾರ್ಚಿನಲ್ಲಿ ಕೋರ್ಟು ಆರು ಪೆಂಗ್ವಿನ್ ನೆಲೆಗಳ ಸುತ್ತ ಹತ್ತು ವರ್ಷ ಈ ಮೀನುಗಳನ್ನು ಬೋಟುಗಳು ಹಿಡಿಯುವಂತಿಲ್ಲ ಅಂದಿತು.

ಸಾರ್ಡೀನ್ ಅಂದರೆ ನಮ್ಮ ಬೂತಾಯಿಯ ದಾಯಾದಿ. ನಾನು ಈ ಇಡೀ ವರ್ಷ ಕಾದದ್ದು ಅದನ್ನು ನೋಡಲು.

ಪ್ರತಿ ವರ್ಷ ಮೇ ತಿಂಗಳಿಂದ ಜುಲೈವರೆಗೆ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಕೋಟ್ಯಂತರ ಸಾರ್ಡೀನ್‌ಗಳು ದಡಕ್ಕೆ ಒತ್ತಿಕೊಂಡು ಉತ್ತರಕ್ಕೆ, ಡರ್ಬನ್ ಕಡೆಗೆ ಓಡುತ್ತವೆ. ಅದಕ್ಕೆ ಹೆಸರೇ 'ಸಾರ್ಡೀನ್ ಓಟ'. ಹಿಂದೆ ಡಾಲ್ಫಿನ್, ಶಾರ್ಕ್, ತಿಮಿಂಗಿಲ. ಮೇಲಿನಿಂದ ಕಲ್ಲು ಬಿದ್ದ ಹಾಗೆ ಗ್ಯಾನೆಟ್ ಹಕ್ಕಿಗಳು. ತಣ್ಣೀರಿನ ಮೀನು ಬಿಸಿನೀರಿನ ನಾಡಿಗೆ ಯಾಕೆ ಹೋಗಬೇಕು? ಜನ ಹೇಳುತ್ತಿದ್ದದ್ದು, ಚಳಿಗಾಲದಲ್ಲಿ ನೀರು ತಣ್ಣಗಾಗುತ್ತದೆ, ಮೊಟ್ಟೆ ಇಡಲು ಹೋಗುತ್ತವೆ ಅಂತ. 2021ರಲ್ಲಿ ವಿಜ್ಞಾನಿಗಳು ಅವುಗಳ ಜೀನ್ ಓದಿ ನೋಡಿದರು. ಓಡುತ್ತಿದ್ದವುಗಳಲ್ಲಿ ಹೆಚ್ಚಿನವು ಪೂರ್ವದ ಮೀನುಗಳೇ ಅಲ್ಲ. ಪಶ್ಚಿಮದ, ಅಟ್ಲಾಂಟಿಕ್ ಬದಿಯ, ತಣ್ಣೀರಿಗೇ ಒಗ್ಗಿದ ತಳಿ. ಆಗ್ನೇಯದ ದಡದಲ್ಲಿ ಒಂದೆರಡು ಕಡೆ ತಳದ ತಣ್ಣೀರು ಆಗಾಗ ಮೇಲೇಳುತ್ತದೆ. ಅದು ಇವಕ್ಕೆ ಮನೆಯ ಹಾಗೆ ಅನಿಸುತ್ತದೆ. ಸೇರಿಕೊಳ್ಳುತ್ತವೆ. ಆ ಚಿಲುಮೆ ನಿಂತಾಗ ದಡಕ್ಕಂಟಿದ ಸಣ್ಣ ತಣ್ಣೀರಿನ ಪಟ್ಟಿ ಹಿಡಿದು ಮುಂದೆ ಮುಂದೆ ಹೋಗುತ್ತವೆ. ಹೊರಗಡೆ ಅಗುಲ್ಹಾಸ್‌ನ ಬಿಸಿನೀರಿನ ಗೋಡೆ. ಮುಂದೆ ಇನ್ನೂ ಬಿಸಿ. ಈ ಓಟದಿಂದ ಅವಕ್ಕೆ ಲಾಭವಿಲ್ಲ, ಇದೊಂದು ಬೋನು ಅಂದರು ವಿಜ್ಞಾನಿಗಳು. ಹಿಮಯುಗದಲ್ಲಿ ಆ ಕಡೆಯ ನೀರೂ ತಣ್ಣಗಿದ್ದಾಗಿನ ಹಳೇ ಅಭ್ಯಾಸ ಉಳಿದಿರಬಹುದು ಅನ್ನುವುದು ಅವರ ಊಹೆ.

ಬಿಸಿನೀರು ಚಿಟ್ಟೆಮೀನಿನ ಮರಿಗಳನ್ನು ತಣ್ಣೀರಿಗೆ ಬಿಟ್ಟು ಹೋಗುತ್ತದೆ. ತಣ್ಣೀರು ಸಾರ್ಡೀನನ್ನು ಬಿಸಿನೀರಿಗೆ ಬಿಟ್ಟು ಹೋಗುತ್ತದೆ. ಎರಡೂ ಕಡೆ ಮೀನಿಗೆ ತಾನು ಊರಲ್ಲೇ ಇದ್ದೇನೆ ಅಂತಲೇ ನಂಬಿಕೆ.

ಜೂನ್ ಕೊನೆಗೆ ರಜೆ ಹಾಕಿ ಡರ್ಬನ್ನಿನ ದಕ್ಷಿಣದ ಬೀಚುಗಳ ಕಡೆ ಹೋದೆ. ಮೂರು ದಿನ ಏನೂ ಇಲ್ಲ. ಸುಮ್ನೆ ಮರಳಲ್ಲಿ ಕೂತು ಹಕ್ಕಿ ನೋಡಿದ್ದು. ನಾಲ್ಕನೇ ದಿನ ಬೆಳಿಗ್ಗೆ ಅಲೆಗಳ ಆಚೆ ಮೋಡದ ನೆರಳಿನಂಥದ್ದೊಂದು ಕಂಡಿತು. ಆಕಾಶದಲ್ಲಿ ಮೋಡವಿರಲಿಲ್ಲ. ಒಂದು ದೋಣಿ ಅಲೆ ಸೀಳಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬಂತು. ದಡದಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ಎಳೆಯತೊಡಗಿದರು. ನನ್ನ ಮೈ ಜುಮ್ಮೆಂದಿತು. ಇದು ರಂಪಣಿ! ನಮ್ಮಜ್ಜ ಪಾಲು ಹಿಡಿದು ಎಳೆಯುತ್ತಿದ್ದ, 1970ರ ದಶಕದ ಕೊನೆಗೆ ಸುತ್ತುಬಲೆಯ ಪರ್ಸೀನ್ ಬೋಟು ಬಂದ ಮೇಲೆ ಮೂಲೆ ಸೇರಿದ, ನಾನು ಬರೀ ಕಥೆಯಲ್ಲಿ ಕೇಳಿದ ರಂಪಣಿ. ಗಾತ್ರ ಚಿಕ್ಕದು, ರೀತಿ ಅದೇ. ಯಾರೂ ಕರೆಯದಿದ್ದರೂ ಹೋಗಿ ಹಗ್ಗಕ್ಕೆ ಕೈ ಹಾಕಿದೆ.

ಬಲೆ ದಡಕ್ಕೆ ಬಂದಾಗ ನೀರು ಕುದಿಯುವ ಹಾಗಾಯಿತು. ಬೆಳ್ಳಿ ಚಿಲ್ಲರೆ ಸುರಿದಂತೆ. ಜನ ಬಕೆಟ್ಟು, ಅಂಗಿ, ಟೋಪಿ ಹಿಡಿದು ನುಗ್ಗಿದರು. ತಂಡದ ಯಜಮಾನ ಅರವತ್ತು ದಾಟಿದವರು, ಬರಿಗಾಲು, ನಮ್ಮ ಕಡೆಯವರದೇ ಮುಖ. ಡರ್ಬನ್ನಿನಲ್ಲಿ ಈ ಎಳೆಬಲೆ ಕಸುಬನ್ನು ಬೆಳೆಸಿದ್ದರಲ್ಲಿ ಭಾರತದಿಂದ ಬಂದ ಕೂಲಿಗಳ ಪಾಲು ದೊಡ್ಡದು. 1860ರ ನವೆಂಬರಿನಲ್ಲಿ ಮದ್ರಾಸಿನಿಂದ ಟ್ರೂರೊ ಎಂಬ ಹಡಗು ಮೊದಲ ಗುಂಪನ್ನು ಕಬ್ಬಿನ ಗದ್ದೆಗಳಿಗೆಂದು ತಂದಿಳಿಸಿತು. ಕರಾರು ಮುಗಿದ ಮೇಲೆ ಕೆಲವರು ಕಡಲಿಗೆ ಇಳಿದರು.

"ಇಂಡಿಯಾದಲ್ಲಿ ಎಲ್ಲಿ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ಮಂಗಳೂರಿನ ಹತ್ತಿರ. ಪಶ್ಚಿಮದ ಕಡಲು."

"ನಮ್ಮದು ಮದ್ರಾಸ್ ಕಡೆ ಅಂತಾರೆ. ಊರು ಗೊತ್ತಿಲ್ಲ." ಸ್ವಲ್ಪ ಹೊತ್ತು ನನ್ನ ಕೈ ನೋಡಿದರು. ಹಗ್ಗ ಉಜ್ಜಿ ಎರಡೂ ಅಂಗೈ ಕೆಂಪಾಗಿದ್ದವು. "ಕಂಪ್ಯೂಟರಾ?" ಅಂದರು. ಹೌದು ಅಂದೆ. ನಕ್ಕು ಒಂದು ಚೀಲ ಮೀನು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಸಂಜೆ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಚೀಲ ಬಿಚ್ಚಿದೆ. ಡರ್ಬನ್ನಿನಲ್ಲಿ ಹುಣಸೆಹಣ್ಣಿಗೂ ಮೆಣಸಿಗೂ ಬರವಿಲ್ಲ. ಪುಳಿಮುಂಚಿ ಮಾಡೋಣ ಅಂತ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಒಂದು ಮೀನನ್ನು ಕ್ಯಾಮೆರಾ ಹತ್ತಿರ ಹಿಡಿದೆ. ಪಕ್ಕದಲ್ಲಿ ಮಾವನೂ ಕೂತಿದ್ದರು.

"ಬೂತಾಯಿ ಅಲ್ವಾ ಇದು?" ಅಂದರು ಮಾವ.

ಅಮ್ಮ ಕನ್ನಡಕ ಏರಿಸಿ ನೋಡಿದರು. "ಅಲ್ಲ. ಮಗ್ಗುಲು ನೋಡಿ, ಸಾಲಾಗಿ ಚುಕ್ಕೆ ಇದೆ. ನಮ್ಮದಕ್ಕೆ ಹೀಗೆ ಸಾಲು ಚುಕ್ಕೆ ಇರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಹೊಟ್ಟೆ ಸೀಳಿ ನೋಡು, ತುಪ್ಪ ಇದೆಯಾ?"

ಸೀಳಿದೆ. ಕೊಬ್ಬು ಇರಲಿಲ್ಲ. ಅಷ್ಟು ದೂರ ಓಡಿ ಬಂದ ಮೀನು, ಒಳಗೆ ಒಣಕಲು.

"ಹಾಗಾದ್ರೆ ಎಣ್ಣೆ ಒಂದು ಚಮಚ ಜಾಸ್ತಿ ಹಾಕು" ಅಂದರು ಅಮ್ಮ.